ಸೋಮವಾರದ ಸರಪಳಿ ಮತ್ತು ನನ್ನ ಹಳೆಯ ಲ್ಯಾಪ್‌ಟಾಪ್

ಶಿಲ್ಪಾ ಖಾನಾಪುರ ತಾಲೂಕಿನಲ್ಲಿ ಹೊಸದಾಗಿ ಸರ್ವೇಯರ್ ಕೆಲಸಕ್ಕೆ ಸೇರಿದ ಹುಡುಗಿ. ನಾನು ಅದೇ ಕೆಲಸವನ್ನು ಬೆಳಗಾವಿ ಜಿಲ್ಲೆಯಲ್ಲಿ ಮೂವತ್ತನಾಲ್ಕು ವರ್ಷ ಮಾಡಿ ನಿವೃತ್ತಳಾದವಳು. ಎರಡು ವಾರಕ್ಕೊಮ್ಮೆ ಅವಳು ಟಿಳಕವಾಡಿಯ ನಮ್ಮ ಮನೆಗೆ ಬಂದು, ಹೊಲದಲ್ಲಿ ಎದುರಾದ ಪೇಚುಗಳನ್ನೆಲ್ಲ ನನ್ನ ಮುಂದೆ ಸುರಿಯುತ್ತಾಳೆ. ಕಳೆದ ಬೇಸಿಗೆಯಲ್ಲಿ ಹಾಗೆ ಬಂದವಳು, "ಬಾಯಾರ, ಟ್ರೇನಿಂಗ್‌ನ್ಯಾಗ ಮಷೀನ್ ಹೆಂಗ ನಡಸೂದು ಅಂತ ಕಲಿಸ್ಯಾರ್ರಿ. ಮಂದೀನ ಹೆಂಗ ಸಂಭಾಳಸೂದು ಅಂತ ಯಾರೂ ಹೇಳಲಿಲ್ಲ. ನೀವರ ಬರದ ಇಡ್ರಿ" ಎಂದಳು. ಹೊಗಳಿದರೆ ಉಬ್ಬುವ ಸ್ವಭಾವ ನನ್ನದು. ಮರುದಿನ ಬೆಳಿಗ್ಗೆಯೇ ಲ್ಯಾಪ್‌ಟಾಪ್ ತೆರೆದು ಬರೆಯಲು ಕೂತೆ. ನಾಲ್ಕನೆಯ ಸಾಲಿಗೆ ಅದು ಆರಿಹೋಯಿತು.

ಅದು ನನ್ನ ಕೈಗೆ ಹೊಸದಾಗಿ ಬಂದದ್ದೇನಲ್ಲ. ಹನ್ನೊಂದು ವರ್ಷದ ಹಿಂದೆ ರೈಲ್ವೆ ಗೇಟಿನ ಹತ್ತಿರ ಸಲೀಂಭಾಯಿಯ ಅಂಗಡಿಯಲ್ಲಿ ಕೊಂಡ, ಯಾರೋ ಬಳಸಿ ಬಿಟ್ಟ ಮಾಲು. ಆ ಹೊತ್ತಿಗೆ ಅದರ ಒಂದು ಕಡೆಯ ಕೀಲು ಮುರಿದಿತ್ತು, ಪರದೆ ಹಿಂದಕ್ಕೆ ಬೀಳದಂತೆ ಹಿಟ್ಟಿನ ಡಬ್ಬಿ ಆನಿಸಿ ಇಡಬೇಕಿತ್ತು. ಬ್ಯಾಟರಿ ಸತ್ತು ಮೂರು ವರ್ಷವಾಗಿತ್ತು. ಚಾರ್ಜರಿನ ವಾಯರು ಒಂದು ನಿರ್ದಿಷ್ಟ ಕೋನದಲ್ಲಿದ್ದರೆ ಮಾತ್ರ ಜೀವ. "ಮನ್ಯಾಗ ಸೊಸಿ ಇದ್ದಿದ್ರೂ ಇಷ್ಟ ನಾಜೂಕ ನೋಡಕೋತಿದ್ದಿಲ್ಲ ನೀ" ಎಂದು ನಮ್ಮ ಮನೆಯವರು ಕಾಡಿಸುತ್ತಿದ್ದರು. ಅವರು ನಿವೃತ್ತ ಶಾಲಾ ಮಾಸ್ತರರು, ಅವರ ಮಾತಿಗೆ ರಜೆ ಇಲ್ಲ.

"ಹೊಸಾದು ತಗೋ" ಎಂದು ಅವರು ಹೇಳದ ದಿನವಿರಲಿಲ್ಲ. ನಾನು ಒಪ್ಪಲಿಲ್ಲ. ನಕ್ಷೆ ಬರೆಯುವ ಹಳೆಯ ಪ್ರೋಗ್ರಾಂ ಅದರಲ್ಲಿದೆ, ಹೊಸ ಯಂತ್ರಗಳಲ್ಲಿ ಅದು ತೆರೆಯುವುದಿಲ್ಲ ಎನ್ನುವುದು ನಾನು ಎಲ್ಲರಿಗೂ ಕೊಡುತ್ತಿದ್ದ ಕಾರಣ. ಯಾರಿಗೂ ಕೊಡದ ಕಾರಣ ಬೇರೆ ಇತ್ತು. ಅದರೊಳಗೆ ನಕ್ಷೆಯ ಒಂದು ಹಾಳೆ ಇತ್ತು. ಪಾರಿಶ್ವಾಡದ ಬಾಜುವಿನ ಒಂದು ಹಳ್ಳಿಯಲ್ಲಿ ಗಂಗವ್ವ ಎನ್ನುವ ಹೆಣ್ಣುಮಗಳ ಹೊಲದಲ್ಲಿ ಐದು ಅಡಿ ನೆಲ ನನ್ನ ತಪ್ಪಿನಿಂದ ಪಕ್ಕದವರ ಪಾಲಾಗಿತ್ತು. ಅದಕ್ಕೆ ಈ ಲೋಕದಲ್ಲಿದ್ದ ಒಂದೇ ಪುರಾವೆ ಆ ಹಾಳೆ.

ಶಿಲ್ಪಾ, ನೀನು ಮಂದಿಯ ಬಗ್ಗೆ ಬರೆಯಿರಿ ಎಂದಿದ್ದೆ. ನಾನು ಸರಪಳಿಯಿಂದಲೇ ಶುರು ಮಾಡಬೇಕು.

ತಂದೆ ಸರ್ವಿಸಿನಲ್ಲಿರುವಾಗಲೇ ತೀರಿಕೊಂಡದ್ದರಿಂದ ಅನುಕಂಪದ ಆಧಾರದ ಮೇಲೆ ನನಗೆ ಈ ಕೆಲಸ ಸಿಕ್ಕಿತು. ಸೀರೆ ಉಟ್ಟು ಹೊಲ ಅಳೆಯಲು ಬಂದವಳನ್ನು ನೋಡಲಿಕ್ಕೇ ಊರ ಮಂದಿ ಬದುವಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಖಾನಾಪುರದ ಕಡೆ ಅರ್ಧ ಮಂದಿ ಮರಾಠಿ, ಅರ್ಧ ಮಂದಿ ಕನ್ನಡ. ಎರಡರಲ್ಲೂ ನನ್ನನ್ನು "ಮೋಜಣಿ ಬಾಯಿ" ಎನ್ನುತ್ತಿದ್ದರು. ಮೋಜಣಿ ಎಂದರೆ ಅಳತೆ. ಪಂಚನಾಮೆಯನ್ನು ಎರಡೂ ಭಾಷೆಯಲ್ಲಿ ಓದಿ ಹೇಳದೆ ನಾನು ಯಾರ ಸಹಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆ ಒಂದು ರೂಢಿಯಿಂದ ಎಷ್ಟೋ ಬಡಿದಾಟ ತಪ್ಪಿದ್ದು ನಿಜ.

ನನ್ನ ಮೊದಲ ಮೇಲಧಿಕಾರಿ ಪಾಟೀಲರು. ದನಿ ಏರಿಸದ ಮನುಷ್ಯ. ಕಚೇರಿಯ ಅಂಗಳದಲ್ಲಿ ಎರಡು ಕಲ್ಲು ನೆಟ್ಟಿದ್ದರು, ನಡುವೆ ಸರಿಯಾಗಿ ಮೂವತ್ತಮೂರು ಅಡಿ. ನಮ್ಮ ಸರಪಳಿಯ ಉದ್ದವೂ ಅಷ್ಟೇ. ಪ್ರತಿ ಸೋಮವಾರ ಹೊಲಕ್ಕೆ ಹೊರಡುವ ಮೊದಲು ಪ್ರತಿಯೊಬ್ಬರೂ ತಮ್ಮ ಸರಪಳಿಯನ್ನು ಆ ಕಲ್ಲುಗಳ ನಡುವೆ ಎಳೆದು ನೋಡಬೇಕು. ಎಳೆದೆಳೆದು ಸರಪಳಿಯ ಬಳೆಗಳು ಬಾಯಿ ಬಿಡುತ್ತವೆ, ಕಣ್ಣಿಗೆ ಕಾಣದಂತೆ ಉದ್ದವಾಗುತ್ತದೆ. "ಸರಪಳಿ ಸುಳ್ಳು ಹೇಳಾಂಗಿಲ್ಲ. ಅದಕ್ಕ ವಯಸ್ಸಾಗತೈತಿ, ಅಷ್ಟ" ಎನ್ನುತ್ತಿದ್ದರು ಪಾಟೀಲರು.

ಅವರು ಕಲಿಸಿದ ಇನ್ನೊಂದು ಪಾಠ ಚಹಾದ್ದು. ಗಡಿ ಜಗಳದ ಊರಿಗೆ ಹೋದರೆ ಯಾರ ಮನೆಯ ಚಹಾವನ್ನೂ ಮುಟ್ಟಬಾರದು. ಒಬ್ಬರ ಮನೆಯ ಕಪ್ಪು ತುಟಿಗೆ ತಾಗಿದ ಗಳಿಗೆಗೆ ನೀವು ಇನ್ನೊಬ್ಬರ ಪಾಲಿಗೆ ಕಳ್ಳರು. ನಾನು ಅದನ್ನು ವ್ರತದ ಹಾಗೆ ಪಾಲಿಸಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ನೀರಿನ ತಂಬಿಗೆ ಮನೆಯಿಂದಲೇ ಬರುತ್ತಿದ್ದವು. ಚಹಾದ ಚಟ ನನಗೆ ಬಹಳ. ಮಾರ್ಗಶಿರದ ಚಳಿಯಲ್ಲಿ ಬದುವಿನ ಮೇಲೆ ನಿಂತು, ನಾಲ್ಕು ಹೆಜ್ಜೆ ದೂರದಲ್ಲಿ ಒಲೆಯ ಮೇಲೆ ಕುದಿಯುತ್ತಿದ್ದ ಚಹಾದ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂದದ್ದೂ ಉಂಟು. ಆದರೂ ಕುಡಿಯಲಿಲ್ಲ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ, ಅಥವಾ ಮೊನ್ನೆಯವರೆಗೂ ಇತ್ತು.

ನಗೆಗೇಡಾದ ತಪ್ಪುಗಳೂ ಬೇಕಾದಷ್ಟಿವೆ. ಕಾಕತಿಯ ಹತ್ತಿರ ಒಂದು ಹೊಲದ ನಕ್ಷೆ ಬರೆಯುವಾಗ ಬಿಸಿಲೆಂದು ಚಕ್ಕಡಿಯ ನೆರಳಲ್ಲಿ ಹಲಗೆ ಇಟ್ಟುಕೊಂಡೆ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ. ದಿಕ್ಕು ತೋರಿಸುವ ಮುಳ್ಳು ಅದರ ಕಡೆ ವಾಲಿತು, ನನಗೆ ಹೊಳೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ನಕ್ಷೆಯಲ್ಲಿ ಆ ರೈತನ ಬಾವಿ ಊರ ಗುಡಿಯ ಅಂಗಳದಲ್ಲಿತ್ತು. "ಬಾಯಾರ, ದೇವರಿಗೆ ನೀರಿನ ಚಿಂತಿ ತಪ್ಪಿಸಿದ್ರಿ ನೋಡ್ರಿ" ಎಂದು ಅವನು ನಕ್ಕದ್ದೇ ನಕ್ಕದ್ದು. ಇಡೀ ನಕ್ಷೆಯನ್ನು ಮತ್ತೆ ಬರೆದೆ. ಮೂರು ಎಕರೆ ಹದಿನೇಳು ಗುಂಟೆ ಎನ್ನುವ ಆ ಹೊಲದ ಲೆಕ್ಕ ಇವತ್ತಿಗೂ ಬಾಯಿಪಾಠ.

ಗಂಗವ್ವನ ಹೊಲದ್ದು ಅಂಥ ತಪ್ಪಲ್ಲ.

ಆಗ ನನ್ನ ಕೈಯಲ್ಲಿದ್ದದ್ದು ಕಚೇರಿಯಲ್ಲೇ ಅತಿ ಹಳೆಯ ಸರಪಳಿ. ಸವೆದು ನುಣ್ಣಗಾಗಿತ್ತು, ಕೈಗೆ ಹಗುರಾಗಿತ್ತು. ನನಗೆ ಅದರ ಮೇಲೆ ಬಲು ಪ್ರೀತಿ, ಬೇರೆಯವರು ಮುಟ್ಟಿದರೆ ಸಿಡುಕುತ್ತಿದ್ದೆ. ಆ ಸೋಮವಾರ ಬಸ್ಸಿಗೆ ತಡವಾಗುತ್ತಿತ್ತು. ಪಾಟೀಲರು ಬಾಗಿಲಲ್ಲಿ ನಿಂತು, "ಸರಪಳಿ ಎಳದ ನೋಡಿದಿ ಏನವಾ?" ಎಂದು ಕೇಳಿದರು. "ಹೌದ್ರಿ" ಎಂದೆ. ನೋಡಿರಲಿಲ್ಲ. ಹಿಂದಿನ ಎರಡು ಸೋಮವಾರವೂ ನೋಡಿರಲಿಲ್ಲ. ಇಷ್ಟು ದಿನದಿಂದ ಇರುವ ಸರಪಳಿ, ಅದನ್ನೇನು ನೋಡುವುದು ಎನ್ನುವ ಸೊಕ್ಕು.

ಗಂಗವ್ವನಿಗೂ ಪಕ್ಕದ ಹೊಲದ ಯಲ್ಲಪ್ಪನಿಗೂ ಗಡಿಯ ತಕರಾರು. ಯಲ್ಲಪ್ಪನ ಕಡೆಯ ಮೂಲೆಗಲ್ಲಿನಿಂದ ಇಪ್ಪತ್ತು ಸರಪಳಿ ಅಳೆದು ಗಡಿಯ ಕಲ್ಲು ನೆಡಬೇಕಿತ್ತು. ನೆಟ್ಟೆ. ಗಂಗವ್ವನ ಅಪ್ಪ ಹಚ್ಚಿದ ಹುಣಸೆಗಿಡ ಯಲ್ಲಪ್ಪನ ಪಾಲಿಗೆ ಹೋಯಿತು. ಗಂಡನನ್ನು ಕಳೆದುಕೊಂಡು ಒಬ್ಬಳೇ ಹೊಲ ಮಾಡುತ್ತಿದ್ದ ಹೆಂಗಸು ಅವಳು. "ಬಾಯಾರ, ಮತ್ತೊಮ್ಮೆ ಅಳೀರಿ" ಎಂದಳು. ನಾನು ದರ್ಪದಿಂದ, "ಸರಕಾರಿ ಸರಪಳಿ ಅದ, ನಿಮ್ಮ ಹಗ್ಗ ಅಲ್ಲ" ಎಂದೆ. ಅವಳು ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದಳು.

ಮುಂದಿನ ಸೋಮವಾರ ಪಾಟೀಲರು ಎದುರಿಗೇ ನಿಂತಿದ್ದರಿಂದ ಸರಪಳಿ ಎಳೆಯಲೇಬೇಕಾಯಿತು. ಕಲ್ಲು ದಾಟಿ ನಾಲ್ಕು ಬೆರಳು ಆಚೆ ಹೋಯಿತು. ನಾಲ್ಕು ಬೆರಳೆಂದರೆ ಮೂರು ಇಂಚು, ಇಪ್ಪತ್ತು ಸರಪಳಿಗೆ ಐದು ಅಡಿ. ನಿಂತಲ್ಲೇ ಲೆಕ್ಕ ಮಾಡಿದೆ. ಪಾಟೀಲರು ಸರಪಳಿಯನ್ನು ಗೂಟಕ್ಕೆ ಹಾಕಿ ಬೇರೆಯದನ್ನು ಕೊಟ್ಟರು. "ಹ್ವಾದ ವಾರ ಬರೋಬ್ಬರಿ ಇತ್ತಲ್ಲ?" ಎಂದು ಕೇಳಿದರು. "ಇತ್ರಿ" ಎಂದೆ. ಎರಡನೆಯ ಸುಳ್ಳು ಮೊದಲನೆಯದನ್ನು ಮುಚ್ಚಲಿಕ್ಕೆ. ಹೇಳಿದ್ದರೆ ಅವರೇ ನನ್ನ ಜೊತೆ ಬಂದು ಕಲ್ಲು ಕೀಳಿಸಿ ನೆಡಿಸುತ್ತಿದ್ದರು, ಅಂಥ ಮನುಷ್ಯ. ಹೆಣ್ಣಿಗೆ ಈ ಕೆಲಸ ಆಗುವುದಿಲ್ಲ ಎಂದು ಬಾಕಿಯವರು ಆಡಿಕೊಂಡಾರು ಎಂದು ನಾನು ಹೆದರಿದೆ. ನನ್ನ ಸ್ವಂತ ವಹಿಯಲ್ಲಿ ಮಾತ್ರ ಆ ಹೊಲದ ನಕ್ಷೆಯ ಕೆಳಗೆ ಬರೆದುಕೊಂಡೆ: ಈ ದಿನದ ಸರಪಳಿ ನಾಲ್ಕು ಬೆರಳು ಉದ್ದ, ಗಡಿ ಕಲ್ಲು ಗಂಗವ್ವನ ಹೊಲದೊಳಗೆ ಐದು ಅಡಿ ಬಿದ್ದಿದೆ, ತಪ್ಪು ನನ್ನದು.

ಕಾಲ ಓಡಿತು. ಸರಪಳಿ ಹೋಗಿ ಟೇಪು ಬಂತು, ಟೇಪು ಹೋಗಿ ಮೂರು ಕಾಲಿನ ಮೇಲೆ ನಿಂತು ಬೆಳಕಿನಿಂದ ಅಳೆಯುವ ಯಂತ್ರ ಬಂತು. ಶಿಲ್ಪಾಳ ಕೈಯಲ್ಲಿರುವುದು ಉಪಗ್ರಹದ ಜೊತೆ ಮಾತಾಡುವ ಕೋಲು. ನಕ್ಷೆ ಕಂಪ್ಯೂಟರಿನಲ್ಲಿ ಬರೆಯಬೇಕೆಂಬ ಆದೇಶ ಬಂದಾಗ ನನಗೆ ಐವತ್ತು ದಾಟಿತ್ತು. ಕಚೇರಿಯಲ್ಲಿ ಕಂಪ್ಯೂಟರು ಒಂದು, ಅದರ ಮುಂದೆ ಕುರ್ಚಿ ಮೂರು. ಮೂರನೆಯ ಕುರ್ಚಿಗೂ ನನ್ನ ಪಾಳಿ ಬರುತ್ತಿರಲಿಲ್ಲ. ಹಟ ಹಿಡಿದು ಸಲೀಂಭಾಯಿಯ ಅಂಗಡಿಯಿಂದ ಲ್ಯಾಪ್‌ಟಾಪ್ ತಂದೆ, ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಕಲಿತೆ. ಕಲಿಯಲಿಕ್ಕೆಂದು ನನ್ನ ಹಳೆಯ ವಹಿಗಳನ್ನೇ ಒಂದೊಂದಾಗಿ ಅದರಲ್ಲಿ ಬರೆದೆ, ನಕ್ಷೆ, ಅದರ ಕೆಳಗಿನ ಷರಾ ಎಲ್ಲ ಇದ್ದದ್ದು ಇದ್ದ ಹಾಗೆ. ಗಂಗವ್ವನ ಹಾಳೆಯನ್ನೂ ಬಿಡಲಿಲ್ಲ. ಮರುವರ್ಷ ಕಪಾಟಿಗೆ ಗೆದ್ದಲು ಹತ್ತಿ ವಹಿಗಳು ಮಣ್ಣಾದವು.

ಹೀಗಾಗಿ, ಲ್ಯಾಪ್‌ಟಾಪ್ ನಾಲ್ಕನೆಯ ಸಾಲಿಗೆ ಆರಿದ ಆ ದಿನ ನನ್ನೊಳಗೆ ಏನಾಯಿತು ಎನ್ನುವುದನ್ನು ಮುಚ್ಚಿಡದೆ ಹೇಳುತ್ತೇನೆ. ಒಂದು ಗಳಿಗೆ ಹಗುರೆನಿಸಿತು. ಇದು ಸತ್ತರೆ ಆ ಹಾಳೆಯೂ ಸತ್ತಿತು, ಇನ್ನು ಯಾರೂ ಕೇಳುವವರಿಲ್ಲ. ಮರುಗಳಿಗೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಷ್ಟು ವರ್ಷ ಬೇರೆ ಲ್ಯಾಪ್‌ಟಾಪ್ ಬೇಡ ಎಂದದ್ದು ಪ್ರೀತಿಯಿಂದಲ್ಲ, ಅದಾಗಿಯೇ ಸಾಯಲಿ ಎಂದು ಕಾಯುತ್ತಿದ್ದೆ. ಸೀರೆ ಬದಲಿಸಿ, ಲ್ಯಾಪ್‌ಟಾಪನ್ನು ರೊಟ್ಟಿಯ ಗಂಟಿನ ಜೊತೆ ಕೈಚೀಲಕ್ಕೆ ಹಾಕಿಕೊಂಡು, ಸಲೀಂಭಾಯಿಯ ಅಂಗಡಿಗೆ ನಡೆದೆ.

ಸಲೀಂಭಾಯಿ ಅದನ್ನು ಬಿಚ್ಚಿ ನೋಡಿ ತಲೆಯಾಡಿಸಿದರು. "ಬಾಯಾರ, ಇದರ ಬೋರ್ಡ್ ಹೋಗೇತ್ರಿ. ಇವತ್ತ ಚಾಲೂ ಮಾಡಿಕೊಟ್ರ ನಾಳೆ ಮತ್ತ ಇಲ್ಲೇ ಬರ್ತೀರಿ. ಡಿಸ್ಕ್ ಇನ್ನೂ ಜೀವಂತ ಐತಿ. ಇದೇ ಜಾತೀದು, ಹಳೇದು ಎರಡು ಅದಾವ ನನ್ ಕಡೆ. ನಿಮ್ಮ ಡಿಸ್ಕ್ ತಗದು ಅದರಾಗ ಕುಂದರಿಸಿದ್ರ ನಿಮ್ಮ ಪ್ರೋಗ್ರಾಂ ಇದ್ದಂಗ ಬರತೈತಿ."

"ಹಳೇದು ಕೊಟ್ಟು ಹಳೇದು ತಗೊಳ್ಳೂದು. ಅದರದೇನು ಗ್ಯಾರಂಟಿ?" ಎಂದೆ.

"ಗ್ಯಾರಂಟಿ ನನಗೂ ಇಲ್ರಿ, ಅರವತ್ತು ಆತು" ಎಂದು ನಕ್ಕರು.

ಅವರು ಮೊದಲು ತೆಗೆದದ್ದು ಥಳಥಳ ಹೊಳೆಯುತ್ತಿತ್ತು. ನಾನು ಬದಲಿಸಬೇಕೆಂದು ನಿಶ್ಚಯಿಸಿದ್ದೆ, ಆದರೆ ಕಣ್ಣು ಮುಚ್ಚಿ ನಂಬಲಿಕ್ಕೆ ತಯಾರಿರಲಿಲ್ಲ. ಹಳೆಯದನ್ನು ನಂಬಿ ಒಮ್ಮೆ ಕೆಟ್ಟವಳು ನಾನು. "ಸಲೀಂಭಾಯಿ, ಒಂದು ಸ್ಟೂಲ್ ಕೊಡ್ರಿ. ನಾ ಇದಕ್ಕ ಸೋಮವಾರದ ಪರೀಕ್ಷಾ ಮಾಡತೇನಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಡಿಸ್ಕ್ ಕೂರಿಸಿಕೊಂಡು, ಕಾಕತಿಯ ಆ ಬಾವಿಯ ಹೊಲದ ನಕ್ಷೆ ತೆರೆದೆ. ಮೂರು ಎಕರೆ ಹದಿನೇಳು ಗುಂಟೆ ಬರಬೇಕು, ಬಂತು. ಒಂದಾದ ಮೇಲೊಂದು ನಕ್ಷೆ ತೆರೆಯುತ್ತ, ಮುಚ್ಚುತ್ತ ಕೂತೆ. ಒಂದೂವರೆ ತಾಸಿಗೆ ಅದರ ಹೊಟ್ಟೆ ಹೆಂಚಿನಂತೆ ಕಾದು, ಗಪ್ಪನೆ ಆರಿತು. ಗಂಗವ್ವನ ಹಾಳೆ ಇನ್ನೂ ತೆರೆದಿರಲಿಲ್ಲ, ಡಿಸ್ಕನ್ನು ಮೊದಲು ಹೊರಗೆ ತೆಗೆಸಿದೆ.

ಎರಡನೆಯದು ನೋಡಲಿಕ್ಕೆ ಕುರೂಪಿ. ಮುಚ್ಚಳದ ಮೇಲೆ ಗೀರುಗಳು, ಒಂದು ಮೂಲೆ ಒಡೆದಿತ್ತು. ಅದನ್ನೂ ಹಾಗೇ ಕಾಡಿಸಿದೆ. ಮಧ್ಯಾಹ್ನ ಅಲ್ಲೇ ರೊಟ್ಟಿ ಬಿಚ್ಚಿ ತಿಂದೆ. ಸಲೀಂಭಾಯಿ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸಿ, "ಕನ್ಯಾ ನೋಡಾಕ ಬಂದ ಬೀಗರೂ ಇಷ್ಟ ಪರೀಕ್ಷಾ ಮಾಡೂದಿಲ್ರಿ" ಎನ್ನುತ್ತಿದ್ದರು. ನಾಲ್ಕು ತಾಸಾದರೂ ಆ ಯಂತ್ರ ಬಿಸಿಯಾಗಲಿಲ್ಲ, ಆರಲಿಲ್ಲ, ಒಂದು ಗುಂಟೆಯೂ ಹೆಚ್ಚುಕಡಿಮೆಯಾಗಲಿಲ್ಲ. ಕೊನೆಗೆ ಗಂಗವ್ವನ ಹಾಳೆ ತೆರೆದೆ. ನಕ್ಷೆ, ಹುಣಸೆಗಿಡದ ಗುರುತು, ಕೆಳಗೆ ನನ್ನ ಷರಾ. "ಇದ ಇರಲಿ" ಎಂದೆ.

ಆ ಸಂಜೆ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಮದುವೆಯಾದಂದಿನಿಂದ ಮೊದಲ ಸಲ ಅವರು ನಡುವೆ ಬಾಯಿ ಹಾಕದೆ ಕೇಳಿದರು. "ಈಗ ಹೇಳಿದ್ರ ನಿನ್ನ ಹೆಸರಿನ ಗತಿ ಏನು?" ಎಂದಷ್ಟೇ ಅಂದರು. "ನನ್ನ ಹೆಸರು ನಂದು. ನೆಲ ಆಕೀದು" ಎಂದೆ. ಮರುದಿನ ನಡೆದದ್ದನ್ನೆಲ್ಲ ಬರೆದು ಶಿಲ್ಪಾಳ ಕೈಯಲ್ಲಿ ಒಂದು ಪ್ರತಿ ಕಚೇರಿಗೆ, ಒಂದು ಪ್ರತಿ ಗಂಗವ್ವನಿಗೆ ಕಳಿಸಿದೆ. ಗಂಗವ್ವನ ಮಗಳು ಕಾಗದ ಓದಿ ಹೇಳಿದಳಂತೆ. ಗಂಗವ್ವ ಮತ್ತೆ ಅಳೆಯುವ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳಂತೆ. ಅಕ್ಕಪಕ್ಕದವರಿಗೆ ನೋಟೀಸು ಹೋಗಿ, ಅಳತೆಯ ದಿನ ಗೊತ್ತಾಯಿತು.

ಅಂದು ಶಿಲ್ಪಾಳ ಜೊತೆ ನಾನೂ ಹೋದೆ. ಯಲ್ಲಪ್ಪ ಈಗಿಲ್ಲ, ಅವನ ಮಗ ಮಾರುತಿ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ. ಗಂಗವ್ವ ಬಹಳ ಬಾಗಿದ್ದಳು, ಮಗಳ ತೋಳು ಹಿಡಿದಿದ್ದಳು. ಬಿಸಿಲಿಗೆ ಪರದೆ ಕಾಣದೆಂದು ಲ್ಯಾಪ್‌ಟಾಪನ್ನು ಅದೇ ಹುಣಸೆಗಿಡದ ನೆರಳಿಗೆ ತಂದು ಕಲ್ಲಿನ ಮೇಲಿಟ್ಟೆ. ನನ್ನ ಷರಾವನ್ನು ಮೊದಲು ಕನ್ನಡದಲ್ಲಿ, ಆಮೇಲೆ ನೆರೆದಿದ್ದ ಮರಾಠಿ ಮಂದಿಗಾಗಿ ಮರಾಠಿಯಲ್ಲಿ ಓದಿದೆ. ತಪ್ಪು ನನ್ನದು ಎನ್ನುವ ಸಾಲನ್ನು ಎರಡೂ ಸಲ ಎಲ್ಲರಿಗೂ ಕೇಳುವಂತೆ ಓದಿದೆ.

ಮಾರುತಿ ಒಪ್ಪಲಿಲ್ಲ. "ಇದನ್ನ ನೀವು ನಿನ್ನೆ ಬರದಿಲ್ಲ ಅಂತ ಹೆಂಗ ತಿಳೀಬೇಕ್ರಿ?"

ಹಾಳೆಯನ್ನು ಯಂತ್ರದೊಳಗೆ ಬರೆದ ದಿನದ ತಾರೀಖನ್ನು ಶಿಲ್ಪಾ ತೆಗೆದು ತೋರಿಸಿದಳು. ಹತ್ತು ವರ್ಷದ ಹಿಂದಿನದು. ಅವನು ಬಗ್ಗಿ ಎರಡು ಸಲ ನೋಡಿದ. "ಆದ್ರೂ ಸರಕಾರದ ಕಲ್ಲು ಐತ್ರಿ ಅದು" ಎಂದ.

"ಕಲ್ಲು ಸರಕಾರದ್ದು. ತಪ್ಪು ಸರಕಾರದ್ದಲ್ಲ, ನಂದು" ಎಂದೆ. "ನಾ ಹೇಳಿದ್ದನ್ನೂ ನಂಬಬ್ಯಾಡ, ಈ ಹಾಳೀನೂ ನಂಬಬ್ಯಾಡ. ಮಷೀನ್ ಅಳೀಲಿ, ನೀನ ಬಾಜೂಕ ನಿಂದ್ರು."

ಶಿಲ್ಪಾ ಅಳೆದಳು. ಅಳೆಯುವ ಮೊದಲು, ಗೊತ್ತಿರುವ ಎರಡು ಕಲ್ಲುಗಳ ಮೇಲೆ ತನ್ನ ಕೋಲು ಇಟ್ಟು ಯಂತ್ರವನ್ನು ಪರೀಕ್ಷಿಸಿಕೊಂಡಳು. ನಾನು ಹೇಳಿಕೊಟ್ಟಿರಲಿಲ್ಲ. ಪಾಟೀಲರು ಇರಬೇಕಿತ್ತು ಎನಿಸಿತು. ಲೆಕ್ಕ ಬಂತು, ಐದು ಅಡಿಗೆ ಒಂದು ಇಂಚು ಕಡಿಮೆ. ಮಾರುತಿ ಹಳೆಯ ಕಲ್ಲಿನಿಂದ ಹೊಸ ಗುರುತಿನವರೆಗೆ ನಡೆದು ನೋಡಿದ. ಆಮೇಲೆ, "ಆತು, ಕಲ್ಲು ಹಾಕ್ರಿ. ಈ ವರ್ಸದ ಹುಣಸಿಹಣ್ಣ ಮಾತ್ರ ನಂದು" ಎಂದ. "ತಗೋ ತಮ್ಮಾ, ಗಿಡಾ ಹೊತ್ತುಕೊಂಡ ಹೋಗಬ್ಯಾಡ ಅಷ್ಟ" ಎಂದಳು ಗಂಗವ್ವ. ನೆರೆದವರು ನಕ್ಕರು. ಮಾರುತಿಯೇ ಹಾರೆ ತರಲು ಹೋದ.

ನಾನು ಗಂಗವ್ವನ ಎದುರಿಗೆ ಹೋಗಿ ಕೈ ಮುಗಿದೆ. "ನಿಮಗ ಅವತ್ತ ಗೊತ್ತಾಗಿತ್ತೇನ್ರಿ, ಸರಪಳಿ ಉದ್ದ ಐತಿ ಅಂತ?" ಎಂದು ಕೇಳಿದೆ.

"ಅಳತಿ ತಪ್ಪೇತಿ ಅಂತ ಗೊತ್ತಿತ್ರಿ. ನಮ್ಮಪ್ಪ ನನಗ ಹೆಜ್ಜಿ ಎಣಸೂದು ಕಲಿಸಿದ್ದ" ಎಂದಳು ಅವಳು. "ಸರಪಳಿ ಕೆಟ್ಟೈತಿ ಅಂತ ಮಾತ್ರ ನಾ ಅನ್ಕೊಂಡಿದ್ದಿಲ್ಲ, ಬಾಯಾರ. ನೀವು ಯಲ್ಲಪ್ಪನ ಮನ್ಯಾಗ ಚಾ ಕುಡದೀರಿ ಅಂತ ತಿಳದಿದ್ನಿ. ಇಷ್ಟು ವರ್ಷ ಎಲ್ಲಾರ ಮುಂದೂ ಹಂಗ ಹೇಳೇನಿ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಕುಡಿಯದ ಚಹಾಕ್ಕೆ ಹೋಗಿತ್ತು. ಮಾರ್ಗಶಿರದ ಚಳಿ, ಆ ಒಲೆಯ ವಾಸನೆ, ನನ್ನ ವ್ರತ ಎಲ್ಲ ನೆನಪಾಗಿ ಅಳು ಬಂತು. ಅತ್ತುಬಿಟ್ಟೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು.

"ಬರ್ರಿ, ಮನೀಗೆ ಹೋಗೂಣು. ಇವತ್ತರ ಒಂದು ಕಪ್ಪ ಚಾ ಕುಡೀರಿ" ಎಂದಳು.

ಅಷ್ಟರಲ್ಲಿ ಮಾರುತಿ ಹಾರೆ ಹಿಡಿದುಕೊಂಡು ಬದುವಿನ ಆ ತುದಿಯಿಂದ ಬರುತ್ತಿದ್ದ. ನಾನು ಕಣ್ಣೊರೆಸಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

"ಕಲ್ಲು ನಿಂದ್ರಲಿ ಗಂಗವ್ವಾರ" ಎಂದೆ. "ಆಮ್ಯಾಲ ಎರಡು ಕಪ್ಪ ಕುಡೀತೇನಿ."